ಶೇವಂತಾಬಾಯಿಯ ಹುಶ್

ಕಮಲಾಪುರದ ಶೇವಂತಾಬಾಯಿ ಬಾಯಿ ತೆರೆದರೆ ಸೀಮೆಯ ಹಕ್ಕಿಯೆಲ್ಲ ಗಂಟುಮೂಟೆ ಕಟ್ಟುತ್ತವೆ ಎಂದು ಆಕೆಯ ಗಂಡ ಸೂರ್ಯಕಾಂತ ಹೇಳುತ್ತಿದ್ದ. ಹೊಗಳಿಕೆಗೆ ಹೇಳುತ್ತಿದ್ದನೋ ಮನೆಯಲ್ಲಿ ತಾನು ಪಟ್ಟ ಪಾಡಿಗೆ ಹೇಳುತ್ತಿದ್ದನೋ, ಕೇಳಿ ತಿಳಿದುಕೊಳ್ಳಲು ಈಗ ಆತನಿಲ್ಲ.

ಮಾತು ಮಾತ್ರ ಖರೆ. ಶೇವಂತಾ ಲಂಗ ಉಡುವ ಹುಡುಗಿಯಾಗಿದ್ದಾಗಲೇ ಜೋಳದ ಹೊಲ ಕಾಯುವ ಕೂಲಿಗೆ ನಿಂತವಳು. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಅಟ್ಟ ಕಟ್ಟುತ್ತಾರೆ. ಅದರ ಮೇಲೆ ನಿಂತು ದಿನವಿಡೀ ಹಕ್ಕಿ ಓಡಿಸಬೇಕು. ಉಳಿದ ಹುಡುಗಿಯರು ತಗಡು ಬಡಿಯುತ್ತಿದ್ದರು, ಕವಣೆಯಲ್ಲಿ ಕಲ್ಲು ಬೀಸುತ್ತಿದ್ದರು. ಶೇವಂತಾಳಿಗೆ ಬಾಯೊಂದೇ ಸಾಕಿತ್ತು. ಗಿಳಿಹಿಂಡಿಗೆ ಉದ್ದಕ್ಕೆ ಎಳೆದ ‘ಹೋಓಓ’, ದನಕ್ಕೆ ‘ಹೈ’, ನಾಯಿಗೆ ‘ಹಚಾ’, ಆಡಿಗೆ ತುಟಿ ನಡುಗಿಸಿ ‘ಟುರ್ರ್’. ಯಾವುದಕ್ಕೆ ಏನೆನ್ನಬೇಕೆಂದು ತಟ್ಟನೆ ಹೊಳೆಯದಿದ್ದರೆ, ಗುಬ್ಬಿಯಿಂದ ಹಿಡಿದು ಗೌಡರ ಮನೆಯ ಟಗರಿನವರೆಗೆ ಎಲ್ಲಕ್ಕೂ ‘ಹುಶ್’.

ಕೂಗು ಕಲಿಸಿದವಳು ಅವ್ವ. ಕೂಗಿನ ಜೊತೆಗೆ ಒಂದು ಪದ್ಧತಿಯನ್ನೂ ಕಲಿಸಿದ್ದಳು. ಮೊದಲು ಒಂದು ತೆನೆ ಮುರಿದು ಬದುವಿನ ಕಲ್ಲಿನ ಮೇಲೆ ಹಕ್ಕಿಗಳಿಗೆಂದು ಇಡಬೇಕು. ಅವು ನಾಲ್ಕು ಕಾಳು ಕುಕ್ಕಿದ ಮೇಲೆಯೇ ಅಟ್ಟ ಹತ್ತಿ ಕೂಗಬೇಕು.

“ಮೊದ್ಲ ಕೊಡು, ಆಮ್ಯಾಲ ಓಡ್ಸು,” ಎನ್ನುತ್ತಿದ್ದಳು ಅವ್ವ. “ಬರೇ ಓಡಿಸ್ಕೋತ ನಿಂತ್ರ ನಮಗೂ ಬೆದರಗೊಂಬಿಗೂ ಏನ ಫರಕ ಅದ?”

ಶೇವಂತಾ ಆ ಮಾತನ್ನು ಜೀವಮಾನವೆಲ್ಲ ನಡೆಸಿಕೊಂಡು ಬಂದಳು. ಒಂದೇ ಒಂದು ಕಡೆ ಹಿಂದುಮುಂದಾಯಿತು. ಆ ಒಂದು ಕಡೆಯ ಕಥೆಯೇ ಇದು.

ಗಂಡ ಹೋದ ಮೇಲೆ ಆಕೆ ಹೊಲದ ಕೂಲಿ ಬಿಟ್ಟು ಕಮಲಾಪುರದ ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತಳು. ಬೆಳಗಿನ ಬಸ್ಸಿಗೆ ಕಲಬುರಗಿ, ಸಂಜೆಯ ಬಸ್ಸಿಗೆ ಊರು. ಮಗ ಕುನಾಲ ತೋಟಗಳಿಂದ ಹಣ್ಣು ತಂದುಕೊಡುತ್ತಾನೆ. “ಸಾಕು ಕುಂದ್ರವ್ವಾ ಮನ್ಯಾಗ,” ಎಂದೂ ಹೇಳುತ್ತಾನೆ. ಮನೆಯಲ್ಲಿ ಕುಳಿತರೆ ಮಾತಾಡಲು ಗೋಡೆಯೊಂದೇ ಸಿಗುತ್ತದೆ, ಅದೂ ಹೊಳ್ಳಿ ಮಾತಾಡುವುದಿಲ್ಲ ಎಂಬುದು ಶೇವಂತಾಳ ಉತ್ತರ.

ಜಗತ್ ಸರ್ಕಲ್ಲಿನ ಹತ್ತಿರ ಗುರುಲಿಂಗಪ್ಪ ಸಾಹುಕಾರರ ಸೀರೆ ಅಂಗಡಿ. ಅಂಗಡಿಯ ಮುಂದೆ ಚಾಚಿಕೊಂಡ ತಗಡಿನ ಕೆಳಗೆ, ಮೆಟ್ಟಿಲಿನ ಬಲಕ್ಕೆ, ಆಕೆಯ ಜಾಗ. ಕಲಬುರಗಿಯ ಬಿಸಿಲಿಗೆ ಮನುಷ್ಯರೇ ಮೆತ್ತಗಾಗುತ್ತಾರೆ, ಇನ್ನು ಕೆಂಪು ಬಾಳೆಯ ಪಾಡೇನು? ಆ ತಗಡಿನ ನೆರಳಿದ್ದರೆ ವ್ಯಾಪಾರ, ಇಲ್ಲದಿದ್ದರೆ ಮಧ್ಯಾಹ್ನದೊಳಗೆ ಬುಟ್ಟಿಯ ತುಂಬ ಹಲ್ವಾ. ಸುತ್ತಲಿನ ನೆರಳೆಲ್ಲ ಯಾರ್‍ಯಾರೋ ಎಂದೋ ಹಿಡಿದುಕೊಂಡಾಗಿತ್ತು. ಮೆಟ್ಟಿಲಿನ ಎಡಕ್ಕೆ ಬಳೆ ಮಾರುವ ಕುಲ್ಸುಮ್. ಆಕೆ ಊರಿನ ರೋಜಾ ಬಡಾವಣೆಯಿಂದ ಬರುತ್ತಾಳೆ. ಎದುರಿಗೆ ಆಕೆಯ ತಮ್ಮ ನದೀಮನ ಚಹಾದ ಗಾಡಿ.

ಹೀಗಿರಲು ಒಂದು ಬೆಳಗ್ಗೆ ಹೋರಿ ಬಂತು. ಯಾರೋ ಹರಕೆ ಹೊತ್ತು ದೇವರಿಗೆ ಬಿಟ್ಟ ಹೋರಿ. ಗುಡಿಯ ಮುಂದೆ ಬರೀ ಹೂವು, ಭಸ್ಮ. ಜಗತ್‌ನಲ್ಲಿ ಹಣ್ಣು, ಕೊತ್ತಂಬರಿ, ಬ್ರೆಡ್ಡು. ಅದು ತಿಳಿದೇ ಹೋರಿ ಇತ್ತ ಬಂದಿತ್ತು. ಬಂದು ನಡುರಸ್ತೆಯಲ್ಲಿ ನಿಂತು ಎರಡೂ ಕಡೆಯ ಗಾಡಿಗಳನ್ನು ಸಾವಕಾಶ ನೋಡಿತು. ಅದು ನಿಂತ ಠೀವಿ ನೋಡಿ ನದೀಮ್ ‘ನವಾಬ’ ಎಂದು ಹೆಸರಿಟ್ಟ.

ನವಾಬ ನೆಟ್ಟಗೆ ಶೇವಂತಾಳ ಬುಟ್ಟಿಯ ಮುಂದೆ ಬಂದು ನಿಂತ. ಬೋಣಿ ಇನ್ನೂ ಆಗಿರಲಿಲ್ಲ. ಅವ್ವನ ಮಾತು ನೆನಪಾಗಿ ಶೇವಂತಾ ಮೊದಲ ಹಣ್ಣು ಕೈಗೆತ್ತಿಕೊಂಡಳು. ಆದರೆ ತಲೆ ಎತ್ತಿ ನೋಡಿದರೆ ಮಾರುದ್ದದ ಕೊಂಬು ಮೂಗಿನ ಹತ್ತಿರ. ಗಾಬರಿಗೆ ಮೈ ಹಿಂದಕ್ಕೆ ವಾಲಿತು, ‘ಹುಶ್!’ ಮೊದಲು ಬಾಯಿಂದ ಬಂತು, ಹಣ್ಣು ಆಮೇಲೆ ಕೈಯಿಂದ ಹೋಯಿತು. ನವಾಬ ಸಿಪ್ಪೆಸಹಿತ ನುಂಗಿ, ಗೌರವದಿಂದ ಹೊರಟುಹೋದ.

ಮರುದಿನವೂ ಹಾಗೆಯೇ. ಕೊಂಬು, ಹುಶ್, ಹಣ್ಣು. ಅದರ ಮರುದಿನವೂ.

ಆಷಾಢ ಕಳೆಯುವ ಹೊತ್ತಿಗೆ ನವಾಬನ ಉಪದ್ರವ ಅತಿಯಾಯಿತು. ಬೆಳಗ್ಗೆ ಮಾತ್ರ ಬರುತ್ತಿದ್ದವನು ಹೊತ್ತುಗೊತ್ತಿಲ್ಲದೆ ಬರತೊಡಗಿದ. ಕುಲ್ಸುಮ್ ನಾಯಿಗೆ ಹುಶ್ ಎಂದರೂ ಅವನು ಹಾಜರು. ನದೀಮ್ ಸಕ್ಕರೆ ಡಬ್ಬಿಯ ನೊಣಕ್ಕೆ ಹುಶ್ ಎಂದರೂ ಅವನು ಹಾಜರು. ಶೇವಂತಾ ಹೊಲ ಕಾದ ಗಂಟಲಿನಿಂದ ಹುಶ್ ಎಂದಷ್ಟೂ ಅವನು ಹತ್ತಿರ ಹತ್ತಿರ ಬಂದು, ಬುಟ್ಟಿಗೆ ಮುಖ ಹಾಕಿ ನಿಲ್ಲುವನು.

“ಹಕ್ಕಿ ಹಾರಸ್ತಿದ್ದೆಂತ ಊರೆಲ್ಲ ಹೇಳ್ಕೋತ ಬರ್ತೀದಿ,” ಎಂದು ಕುಲ್ಸುಮ್ ಕಾಡಿದಳು. “ಒಂದು ಹೋರಿ ಅಲುಗಸಾಕ ಬರವಲ್ದು ನಿನಗ?”

“ಇದಕ ಕಿವಿ ಕೇಳ್ಸಂಗಿಲ್ಲ ಕಾಣಸ್ತದವಾ.”

“ಕಿವಿ ಭಾಳ ಛಲೋ ಅದಾವ ಅಕ್ಕಾ. ಆ ಮೂಲ್ಯಾಗಿಂದ ಕೇಳಿಸ್ಕೊಂಡು ಬರ್ತದ.”

ಇಬ್ಬರೂ ನಕ್ಕರು. ನಕ್ಕ ಮಾತನ್ನು ಅಲ್ಲಿಗೇ ಬಿಟ್ಟರು. ಅಂದೇ ಹಿಡಿದಿದ್ದರೆ ಮುಂದಿನದು ತಪ್ಪುತ್ತಿತ್ತು.

ಶ್ರಾವಣ ಬಂತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವ ಕಾಲ. ಸೀರೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಒಂದು ದೊಡ್ಡ ಕುಟುಂಬದವರು ಗಾದಿಯ ಮೇಲೆ ಕುಳಿತು ಇಳಕಲ್ ಸೀರೆ ಹರವಿಸಿಕೊಂಡಿದ್ದರು. ನವಾಬ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಗುರುಲಿಂಗಪ್ಪನವರು ಒಳಗಿನಿಂದ, “ಹುಶ್!” ಎಂದರು. ಎರಡನೆಯ ಮೆಟ್ಟಿಲು. “ಹುಶ್, ಹುಶ್!” ಹೊಸ್ತಿಲು. “ಅಯ್ಯೋ ಹುಶ್ಶಪ್ಪಾ, ನಿನ್ನ ಕಾಲಿಗಿ ಬೀಳ್ತೀನಿ, ಹುಶ್!” ನವಾಬ ಅಂಗಡಿಯೊಳಗೆ ಬಂದು, ಸಾಹುಕಾರರ ಎದುರು ನಿಂತು, ಅವರ ಕೈಯಲ್ಲಿ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬದಲಿಗೆ ಸೀರೆಯ ಸೆರಗನ್ನು ಬಾಯಿಗೆ ತೆಗೆದುಕೊಂಡ.

ಗಿರಾಕಿಗಳು ಒಂದೇ ಉಸಿರಿಗೆ ಹೊರಗೆ ಹಾರಿದರು. ಗುರುಲಿಂಗಪ್ಪನವರಿಗೆ ಸಿಟ್ಟು ನೆತ್ತಿಗೇರಿತು. ಗಜದ ಕೋಲು ಕೈಗೆ ಬಂತು. ಆದರೆ ಎದುರಿಗಿರುವುದು ದೇವರಿಗೆ ಬಿಟ್ಟ ಬಸವಣ್ಣ. ಕೋಲು ಕೆಳಗಿಟ್ಟು ಕೈ ಮುಗಿದರು. ಬಸವಣ್ಣ ಸೆರಗು ಜಗಿಯುತ್ತ ಅವರನ್ನು ಕರುಣೆಯಿಂದ ನೋಡಿದ.

ಸಂಜೆ ಸಾಹುಕಾರರು ಮೆಟ್ಟಿಲಿಗೆ ಬಂದು ನಿಂತರು.

“ನೋಡು ಶೇವಂತಾ, ಇಷ್ಟು ವರ್ಷ ನಿನಗ ಕುಂದರಬ್ಯಾಡ ಅಂದಿಲ್ಲ. ಅವ ಬರೋದು ನಿನ್ನ ಬುಟ್ಟಿಗಿ. ಪಂಚಮಿ ಒಳಗ ಅವ ಆದ್ರೂ ಹೋಗಬೇಕು, ನೀ ಆದ್ರೂ ಹೋಗಬೇಕು.”

“ನಿಮ್ಮ ಬಸವಣ್ಣಲ್ರಿ ಸಾಹುಕಾರ್ರೇ, ನೀವ ಒಂದೀಟು ತಿಳಿಸಿ ಹೇಳ್ರಲ್ಲ.”

“ಚಾಷ್ಟಿ ಮಾಡಬ್ಯಾಡ. ಮತ್ತ ಅವಗ ಕೋಲು ಮುಟ್ಟಿಸಬಾರ್ದು, ಕಲ್ಲು ಒಗಿಬಾರ್ದು. ಬಾಯಿಲೇ ಓಡಸಬೇಕು. ನೀ ಓಡಸೋದ್ರಾಗ ಭಾಳ ಹುಷಾರಂತ.”

“ಹಕ್ಕಿ ಓಡಸೀನ್ರಿ. ಹಕ್ಕಿಗಿ ರೆಕ್ಕಿ ಇರ್ತಾವ. ಇದಕ ಬರೇ ಹೊಟ್ಟಿ ಅದ.”

ಆ ಸಂಜೆ ಬಸ್ಸಿನಲ್ಲಿ ಶೇವಂತಾ ಬುಟ್ಟಿಯನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ಕುಳಿತಳು. ಜಾಗ ಹೋದರೆ ಬುಟ್ಟಿ ಹೋಯಿತು. ಬುಟ್ಟಿ ಹೋದರೆ ಉಳಿದದ್ದು ಆ ಗೋಡೆ.

ಮರುದಿನ ಇಡೀ ಬಜಾರೇ ಆಕೆಯ ಬೆನ್ನಿಗೆ ನಿಂತಿತು. ಓಡಿಸುವ ಮಾತು ಯಾರಿಗೆ ಏನೇನು ಬರುತ್ತದೋ ಎಲ್ಲವನ್ನೂ ನವಾಬನ ಮೇಲೆ ಪ್ರಯೋಗಿಸಿದರು. ಶೇವಂತಾ ದನಕ್ಕೆನ್ನುವ ‘ಹೈ’ ಕೂಗಿ ನೋಡಿದಳು. ನದೀಮ್, “ಹಟ್! ಚಲ್ ಹಟ್!” ಎಂದ. ಸೋಲಾಪುರದಿಂದ ಚಾದರ ಮಾರಲು ಬಂದವನು ಮರಾಠಿಯಲ್ಲಿ, “ಜಾ ಬಾಬಾ, ಜಾ,” ಎಂದು ಸಮಾಧಾನ ಹೇಳಿದ. ಕಸ ಗುಡಿಸುವ ತೆಲುಗು ಹೆಂಗಸು, “ಪೋ, ಪೋ,” ಎಂದಳು. ನವಾಬ ಎಲ್ಲ ಭಾಷೆಯನ್ನೂ ಸಮನಾಗಿ ಕಂಡ. ಬಾಲವನ್ನೂ ಅಲುಗಿಸಲಿಲ್ಲ.

ಅಷ್ಟರಲ್ಲಿ ಆನಂದಕುಮಾರ ಸರ್ ಬಂದರು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವರು, ದಿನಾ ಕ್ಲಾಸಿಗೆ ಮುಂಚೆ ಎರಡು ಕೆಂಪು ಬಾಳೆ ತಿನ್ನುವವರು. ವಿಷಯ ತಿಳಿದು, ಕನ್ನಡಕ ಸರಿಮಾಡಿಕೊಂಡು, ಹೋರಿಯ ಕಡೆ ಕೈಬೀಸಿ, “ಶೂ! ಶೂ!” ಎಂದರು.

ನವಾಬ ಕಿವಿ ನಿಮಿರಿಸಿದ. ಸರ್ ಕಡೆಗೆ ಎರಡು ಹೆಜ್ಜೆ ಇಟ್ಟ. ಸರ್ ನಾಲ್ಕು ಹೆಜ್ಜೆ ಹಿಂದಕ್ಕೆ ಇಟ್ಟರು.

“ವಾಹ್! ನವಾಬಗ ಇಂಗ್ಲಿಷ್ ಬರ್ತದ!” ಎಂದು ನದೀಮ್ ಚಪ್ಪಾಳೆ ತಟ್ಟಿದ.

ಸರ್ ಗಾಡಿಯ ಹಿಂದೆ ನಿಂತು ಬೆವರು ಒರೆಸಿಕೊಂಡರು. ನವಾಬ ಅವರ ಖಾಲಿ ಕೈ ನೋಡಿ ಬೇಸರದಿಂದ ತಿರುಗಿಕೊಂಡ.

“ಅದೇನ್ರಿ ಸರ್, ನೀವಂದದ್ದು?” ಎಂದು ಶೇವಂತಾ ಕೇಳಿದಳು. ಯಾರೇ ಮಾತಾಡಲಿ, ಪೂರ್ತಿ ಕೇಳಿಸಿಕೊಳ್ಳುವುದು ಆಕೆಯ ರೂಢಿ.

“ಇಂಗ್ಲಿಷಿನವರ ಹುಶ್ ಅದು, ಆಯಿ. ಕೋಳಿ, ಹಕ್ಕಿ, ದನ ಓಡಸಾಕ ಶೂ ಅಂತಾರ.”

“ಆ ಮಾತು ಎಲ್ಲಿಂದ ತಂದ್ರಂತ?”

“ಎಲ್ಲಿಂದಲೂ ತಂದಿಲ್ಲ. ಐದುನೂರು ವರ್ಷದ ಹಿಂದಿನ ಬರವಣಿಗ್ಯಾಗ ಸಿಗ್ತದ. ಅದಕ್ಕ ಮೊದ್ಲ ಯಾವ ಮಾತಿನಿಂದ ಹುಟ್ಟಿತು ಅಂತ ಹುಡುಕಿದ್ರ, ಬರೇ ಉಸಿರು. ಜರ್ಮನ್ ಮಂದೀನೂ ಶೂ ಅಂತಾರ, ಗ್ರೀಕರು ಸೂ ಅಂತಿದ್ರು. ಒಬ್ಬರಿಗೊಬ್ಬರು ಕಲಿಸಿರಲಿಕ್ಕಿಲ್ಲ. ಕಾಳಿನ ಮ್ಯಾಲೆ ಕೋಳಿ ಬಂದ್ರ ಹೆಂಗಸರ ಬಾಯಾಗ ಯಾವ ದೇಶದಾಗರೇ ಅದ ಉಸಿರು ಬರ್ತದ.”

“ಹಂಗಾರ ಕೋಳಿ ಓಡಸೋದ್ರಾಗ ನಾವೆಲ್ಲ ಒಂದ ಮನಿ ಮಂದಿ ಅನ್ರಿ,” ಎಂದಳು ಶೇವಂತಾ. ಆಕೆಗೆ ಆ ಮಾತು ಬಹಳ ಹಿಡಿಸಿತು. ಯಾವುದೋ ದೇಶದಲ್ಲಿ ಯಾವಳೋ ಗ್ರೀಕರ ಮುದುಕಿ ಅಂಗಳದಲ್ಲಿ ಕೈಬೀಸುತ್ತ ನಿಂತದ್ದು ಕಣ್ಣಿಗೆ ಕಟ್ಟಿತು. “ಆದ್ರ ಸರ್, ಬರೇ ಉಸಿರು ಅಂದ ಮ್ಯಾಲ ‘ಹೋಗು’ ಅನ್ನೋದು ಅದರಾಗ ಎಲ್ಲಿ ಕುಂತದ?”

“ಅದರಾಗ ಎಲ್ಲೂ ಇಲ್ಲ,” ಎಂದು ಸರ್ ಬಾಳೆಹಣ್ಣು ಸುಲಿದರು. “ಶೂ ಅಂದ ಕೂಡ್ಲೇ ಹಿಂದ ಕೈಯೋ ಕಲ್ಲೋ ಬರ್ತದಲ್ಲ, ಅದ ಅರ್ಥ. ಏನ ಬರ್ತದೋ ಕೋಳಿ ಅದನ್ನ ನೆನಪಿಟ್ಕೋತದ.”

ಕುಲ್ಸುಮ್ ಬಳೆ ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು. “ಅಕ್ಕಾ,” ಎಂದಳು ಮೆಲ್ಲಗೆ. “ದಿನಾ ಮುಂಜಾನೆ ನಿನ್ನ ಹುಶ್ ಹಿಂದ ಏನ ಬರ್ತದ?”

ಶೇವಂತಾ ಬುಟ್ಟಿಯನ್ನು ನೋಡಿದಳು. ಎಲ್ಲರೂ ಬುಟ್ಟಿಯನ್ನು ನೋಡಿದರು. ನವಾಬನಂತೂ ಮೊದಲಿನಿಂದಲೂ ಅದನ್ನೇ ನೋಡುತ್ತಿದ್ದ.

“ಯವ್ವಾ!” ಎಂದು ಶೇವಂತಾ ಹಣೆ ಬಡಿದುಕೊಂಡಳು. “ಮೊದ್ಲ ಕೊಡು, ಆಮ್ಯಾಲ ಓಡ್ಸು ಅಂದಿದ್ದಳು ನಮ್ಮವ್ವ. ಕೊಂಬು ನೋಡಿ ಹೆದರಿ, ಮೊದ್ಲ ಓಡಿಸಿ ಆಮ್ಯಾಲ ಕೊಟ್ಟೀನಿ. ಇದಕ ಹುಶ್ ಅಂದ್ರ ಹಣ್ಣು!”

ನದೀಮ್ ನಕ್ಕು ನಕ್ಕು ಚಹಾ ಚೆಲ್ಲಿದ. ಅಂಗಡಿಯೊಳಗಿಂದ ಗುರುಲಿಂಗಪ್ಪನವರು ಹೊರಗೆ ಬಂದರು. ಅವರಿಗೆ ನಗು ಬರಲಿಲ್ಲ. ನಿನ್ನೆ ತಾವು ಎಷ್ಟು ಸಲ ಹುಶ್ ಎಂದು ಬಸವಣ್ಣನನ್ನು ಒಳಗೆ ಕರೆದೆವು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದರು.

“ಹಂಗಾರ ಇನ್ನ ಮ್ಯಾಲ ಹಣ್ಣು ಕೊಡಬ್ಯಾಡ,” ಎಂದರು. “ತಾನ ಮರೀತಾನ.”

“ಪಂಚಮಿ ಒಳಗ ಮರಿಯೂದಿಲ್ರಿ. ಅದ ನಿಮ್ಮಂಗ, ಕೊಟ್ಟದ್ದು ಮರಿಯೂದಿಲ್ಲ,” ಎಂದಳು ಶೇವಂತಾ. ಆಮೇಲೆ ನವಾಬನ ಕಡೆ ನೋಡುತ್ತ, “ಹುಶ್ ಅಂದ್ರ ಬರ್ತದ ಅಂದ್ರ, ಹುಶ್ ಅನಕೋತ ಎಲ್ಲಿಗರೇ ಕರ್ಕೊಂಡ ಹೋಗಬಹುದಲ್ರಿ,” ಎಂದಳು.

ಸಾಹುಕಾರರ ಹೆಂಡತಿಯ ತಮ್ಮ ಶಿವಲಿಂಗ ಊರಂಚಿನ ಶರಣಸಿರಸಗಿಯಲ್ಲಿ ಒಕ್ಕಲುತನ ಮಾಡುತ್ತಾನೆ. ಹೊಲವಿದೆ, ದೊಡ್ಡ ಕೊಟ್ಟಿಗೆಯಿದೆ. ಫೋನು ಹೋಯಿತು. ಬಸವಣ್ಣ ತಾನಾಗಿ ಮನೆಗೆ ಬರುತ್ತಾನೆಂದರೆ ಬೇಡ ಎನ್ನುವವರು ಯಾರು? “ಕಳಸ್ರಿ ಮಾವಾ, ಆರತಿ ತಯಾರ ಇಡಸ್ತೀನಿ,” ಎಂದ ಶಿವಲಿಂಗ.

ಮರುದಿನ ಬೆಳಗ್ಗೆ ಮೆರವಣಿಗೆ ಹೊರಟಿತು. ಮುಂದೆ ಸೊಂಟದಲ್ಲಿ ಬುಟ್ಟಿ ಇಟ್ಟುಕೊಂಡು, ಆಗಾಗ ಹಿಂದೆ ತಿರುಗಿ “ಹುಶ್, ಹುಶ್” ಎನ್ನುತ್ತ ಶೇವಂತಾ. ಆಕೆಯ ಹಿಂದೆ ಗಂಭೀರವಾಗಿ ನವಾಬ. ಅವನ ಹಿಂದೆ, ದೇವರ ಹಿಂದೆ ಹೋಗುವಾಗ ಚಪ್ಪಲಿ ಬೇಡವೆಂದು ಬರಿಗಾಲಲ್ಲಿ ಸ್ಕೂಟರಿನ ಮೇಲೆ ಗುರುಲಿಂಗಪ್ಪನವರು.

ನೋಡುವವರಿಗೆ ಏನು ಕಾಣಬೇಕು? ದೊಡ್ಡ ಹೋರಿಯೊಂದು ಮುದುಕಿಯನ್ನು ಅಟ್ಟಿಸಿಕೊಂಡು ಹೋಗುತ್ತಿದೆ, ಪಾಪ ಮುದುಕಿ ಹುಶ್ ಹುಶ್ ಎನ್ನುತ್ತಿದ್ದಾಳೆ, ಅದು ಕೇಳುತ್ತಿಲ್ಲ. ರಸ್ತೆಯುದ್ದಕ್ಕೂ ಪುಣ್ಯಾತ್ಮರು ಹುಟ್ಟಿಕೊಂಡರು.

“ಆಯಿ, ಓಡ್ರೀ! ಹಿಂದ ಹೋರಿ ಅದ!”

“ಗೊತ್ತದಪ್ಪಾ. ನಾನ ಕರ್ಕೊಂಡ ಹೊಂಟೀನಿ.”

“ಹುಶ್ ಅನ್ನಾಕತ್ತೀರಲ್ರೀ ಮತ್ತ?”

“ಹುಶ್ ಅಂದ್ರನ ಬರ್ತದ ಇದು.”

ಆತ ಪಕ್ಕದವನಿಗೆ, “ಬಿಸಿಲು ತಲಿಗಿ ಹತ್ಯಾದ,” ಎಂದದ್ದು ಶೇವಂತಾಳಿಗೆ ಚೆನ್ನಾಗಿಯೇ ಕೇಳಿಸಿತು.

ಮುಂದೆ ಒಬ್ಬ ಗಟ್ಟಿಮುಟ್ಟಾದ ತರುಣ ಬೈಕು ನಿಲ್ಲಿಸಿ, ಶೇವಂತಾಳಿಗೂ ಹೋರಿಗೂ ನಡುವೆ ಎದೆಸೆಟೆದು ನಿಂತ. “ನೀವು ಹೋಗ್ರಿ ಆಯಿ, ನಾ ನೋಡ್ಕೋತೀನಿ. ಏ ಹುಶ್! ಹುಶ್! ಹುಶ್!” ಒಂದೇ ಸಲಕ್ಕೆ ಮೂರು ಹಣ್ಣಿನ ಆಮಂತ್ರಣ. ನವಾಬ ಸಂತೋಷದಿಂದ ಅವನ ಕಡೆಗೆ ಓಡಿದ. ತರುಣ ಪಕ್ಕದಲ್ಲಿ ನಿಂತಿದ್ದ ಟೆಂಪೋ ಹತ್ತಿದ. ಶೇವಂತಾ ಹೊಳ್ಳಿ ಬಂದು, “ಹುಶ್ ನನ್ನಪ್ಪಾ, ಇಲ್ಲಿ ಅದ ಹುಶ್,” ಎಂದು ಹಣ್ಣು ತೋರಿಸಿ ಬಿಡಿಸಿಕೊಂಡಳು.

ಕೂಡುರಸ್ತೆಯಲ್ಲಿ ಪೊಲೀಸಪ್ಪ ಸೀಟಿ ಊದಿದ. “ಯಾರ್ದ್ರೀ ಹೋರಿ?”

ಶೇವಂತಾ ಹಿಂದಕ್ಕೆ ಬೆರಳು ತೋರಿಸಿದಳು. “ಸಾಹುಕಾರ್ದು.”

“ನಂದಲ್ಲ, ದೇವ್ರದು,” ಎಂದರು ಗುರುಲಿಂಗಪ್ಪನವರು.

“ಯಾರ್ದರೇ ಇರ್ಲಿ, ದೇವ್ರಿಗಿ ಎಡಗಡೆ ಹೋಗಾಕ ಹೇಳ್ರಿ,” ಎಂದ ಪೊಲೀಸಪ್ಪ.

ಪೇಟೆ ಮುಗಿದು ಹೊಸ ಲೇಔಟಿನ ಕಲ್ಲುಗಳು ಶುರುವಾಗುವಲ್ಲಿ ಹಣ್ಣು ಮುಗಿದವು. ಶರಣಸಿರಸಗಿ ಕಣ್ಣಿಗೆ ಕಾಣುತ್ತಿತ್ತು. ಶೇವಂತಾ ಖಾಲಿ ಬುಟ್ಟಿ ಹಿಡಿದು ಹುಶ್ ಎಂದಳು. ನವಾಬ ಬಂದ. ಮತ್ತೆ ಹುಶ್. ಮತ್ತೆ ಬಂದ. ಕೈಯಲ್ಲಿ ಏನಿಲ್ಲದಿದ್ದರೂ ನಂಬಿ ಬಂದ. ಬೆಳಗ್ಗಿನಿಂದ ನಗುನಗುತ್ತ ನಡೆದಿದ್ದ ಶೇವಂತಾ ಆಗ ಹಿಂದೆ ತಿರುಗಿ ನೋಡುವುದನ್ನು ಬಿಟ್ಟಳು. ಗಿಳಿಗಳಿಗೂ ಆಕೆ ಎಂದೂ ಸುಳ್ಳು ಹೇಳಿರಲಿಲ್ಲ.

ಕೊಟ್ಟಿಗೆಯ ಮುಂದೆ ಶಿವಲಿಂಗನ ಹೆಂಡತಿ ವಿದ್ಯಾವತಿ ಆರತಿ ಹಿಡಿದು ನಿಂತಿದ್ದಳು.

“ಆರತಿ ಆಮ್ಯಾಲ ಮಾಡ್ರೆವ್ವಾ,” ಎಂದಳು ಶೇವಂತಾ ಏದುಸಿರು ಬಿಡುತ್ತ. “ಸುಳ್ಳು ಹೇಳಿ ಕರ್ಕೊಂಡ ಬಂದೀನಿ. ಮೊದ್ಲ ಇದಕ ಏನರೇ ತಿನ್ನಾಕ ಕೊಡ್ರಿ.”

ಬೆಲ್ಲ ಬಂತು, ಹಸಿ ಮೇವು ಬಂತು. ನವಾಬ ಬೆಲ್ಲ ತಿಂದ, ಮೇವು ತಿಂದ, ಆರತಿ ತಟ್ಟೆಯ ಹೂವನ್ನೂ ತಿಂದ. ಶೇವಂತಾ ಅವನ ಕೊರಳಲ್ಲಿ ಜೋಲುವ ಗಂಗೆದೊಗಲು ತುರಿಸಿದಳು. ಮೊದಲ ಸಲ ಕೊಂಬಿಗೆ ಹೆದರಲಿಲ್ಲ. ಹೊರಡುವಾಗ, “ಇದನ್ನ ಕರೀಬೇಕಾದ್ರ ಹುಶ್ ಅನ್ರಿ. ಸುಮ್‌ಸುಮ್ಕ ಹುಶ್ ಅನ್ನಬ್ಯಾಡ್ರಿ,” ಎಂದು ಹೇಳಿದಳು. ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಕೆಗೆ ಕುಡಿಯಲು ತಣ್ಣನೆಯ ಮಜ್ಜಿಗೆ ಕೊಟ್ಟರು.

ಪಂಚಮಿಯ ಹಿಂದಿನ ದಿನ ಸಾಹುಕಾರರ ಫೋನು ರಿಂಗಾಯಿತು. ಅಂಗಡಿ ತುಂಬ ಗಿರಾಕಿಗಳು. ಅವರು ಸ್ಪೀಕರಿಗೆ ಹಾಕಿ ಸೀರೆ ಮಡಚುತ್ತಲೇ, “ಹೇಳೋ ಶಿವಲಿಂಗಾ,” ಎಂದರು.

“ಮಾವಾ, ನಿಮ್ಮ ಬಸವಣ್ಣ ಪಡಸಾಲಿಗಿ ಬಂದಾನ! ಇಕಿ ಪಂಚಮಿ ಉಂಡಿ ಕಟ್ಟಿ ತಾಟಿನ್ಯಾಗ ಇಟ್ಟಿದ್ದಳು. ಕಾಗಿ ಬಂತಂತ ಹುಶ್ ಅಂದಳು. ಎಲ್ಲಾ ಉಂಡಿ ಖಾಲಿ! ಹೊಳ್ಳಿ ಕಳಸ್ಲೇನು?”

ಗುರುಲಿಂಗಪ್ಪನವರ ಕೈಯಿಂದ ಸೀರೆ ಜಾರಿತು. ಹೊರಗೆ ಮೆಟ್ಟಿಲಲ್ಲಿ ಶೇವಂತಾ ಬಾಗಿಲ ಕಡೆ ಕಿವಿ ಚಾಚಿದಳು. ಅಷ್ಟರಲ್ಲಿ ಫೋನಿನೊಳಗಿಂದ ವಿದ್ಯಾವತಿಯ ದನಿ ಕೇಳಿತು.

“ಹೊಳ್ಳಿ ಗಿಳ್ಳಿ ಕಳಸೂದಿಲ್ಲ ನಾ. ನನ್ನ ಉಂಡಿ ಇಷ್ಟು ಪ್ರೀತಿಲೇ ಈ ಮನ್ಯಾಗ ಯಾರು ತಿಂದಾರ? ಇರ್ಲಿ ಇಲ್ಲೇ. ಕಾಗಿಗಿ ಬ್ಯಾರೆ ಏನರೇ ಅಂದ್ರಾತು. ಆ ಬಾಳೆಹಣ್ಣಿನ ಆಯಿಗಿ ಕೇಳ್ರಿ, ಕಾಗಿಗಿ ಏನಂತಾರಂತ.”

“‘ಹೋಓ’ ಅನ್ನಾಕ ಹೇಳ್ರಿ!” ಎಂದು ಶೇವಂತಾ ಹೊರಗಿನಿಂದಲೇ ಕೂಗಿದಳು. ಎಷ್ಟೋ ವರ್ಷದ ಮೇಲೆ ಬಂದ ಆ ಹೊಲದ ಕೂಗಿಗೆ ತಗಡಿನ ಮೇಲಿದ್ದ ಪಾರಿವಾಳವೆಲ್ಲ ಎದ್ದು ಹಾರಿಹೋದವು.

ಜಾಗ ಉಳಿಯಿತು. ಆದರೆ ಪಂಚಮಿ ಕಳೆದ ಮೇಲೆ ಮೊದಲ ಬೆಳಗ್ಗೆ ಬುಟ್ಟಿ ಬಿಚ್ಚಿದ ಶೇವಂತಾಳಿಗೆ ಕೈ ಓಡಲಿಲ್ಲ. ಮೊದಲ ಹಣ್ಣು ಕೈಯಲ್ಲಿದೆ, ತಿನ್ನುವವನಿಲ್ಲ. ರಸ್ತೆಯ ಆ ತುದಿ ನೋಡಿದಳು, ಈ ತುದಿ ನೋಡಿದಳು. ಗಿರಾಕಿ ಬಂದು ಕೇಳಿದರೆ, “ನಿಂದ್ರಪ್ಪಾ, ಇನ್ನಾ ಬೋಣಿ ಆಗಿಲ್ಲ,” ಎಂದಳು.

ಅಷ್ಟರಲ್ಲಿ ಗುರುಲಿಂಗಪ್ಪನವರು ಬಂದು ಶಟರ್ ಎತ್ತಿದರು. ಇಷ್ಟು ವರ್ಷದಲ್ಲಿ ಅವರು ಶೇವಂತಾಳ ಕೈಯಿಂದ ಒಂದು ಹಣ್ಣು ತಿಂದವರಲ್ಲ. ಕೇಳಿದಾಗಲೆಲ್ಲ ಸಕ್ಕರೆ ಕಾಯಿಲೆ ಎನ್ನುತ್ತಿದ್ದರು. ಎದುರಿನ ಗಾಡಿಯಲ್ಲಿ ಸಕ್ಕರೆ ಹಾಕಿದ ಚಹಾ ಕುಡಿಯುವುದನ್ನು ಆಕೆ ಕಂಡೇ ಇದ್ದಳು. ಅದು ಸಕ್ಕರೆಯ ಮಾತಲ್ಲ, ಜಾತಿಯ ಮಾತು ಎಂದು ಆಕೆಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಇಂದು ಏನನಿಸಿತೋ, ಎದ್ದು ನಿಂತು ಹಣ್ಣು ಮುಂದೆ ಮಾಡಿದಳು. ಸಾಹುಕಾರರ ಮುಖ ನೋಡಿ ಜೀವ ಅಳುಕಿತು. ಅಳುಕಿದಾಗ ಆಕೆಯ ಬಾಯಿಂದ ಯಾವುದು ಮೊದಲು ಬರುತ್ತದೋ ಅದೇ ಬಂತು.

“ಹುಶ್!”

ಕುಲ್ಸುಮಳ ಕೈಯಿಂದ ಬಳೆಯ ಗೊಂಚಲು ಬಿತ್ತು. ಗುರುಲಿಂಗಪ್ಪನವರು ಹಣ್ಣನ್ನು ನೋಡಿದರು, ಶೇವಂತಾಳನ್ನು ನೋಡಿದರು. ಕೈ ಚಾಚಿ ತೆಗೆದುಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಸಿಪ್ಪೆ ಹಿಡಿದು ಹೊರಗೆ ಬಂದು, “ಛಲೋ ಅದ,” ಎಂದಷ್ಟೇ ಹೇಳಿದರು.

ಮರುದಿನ ಅಂಗಡಿ ತೆರೆಯುವ ಹೊತ್ತಿಗಿಂತ ಮೊದಲೇ ಬಂದರು. ಶಟರ್ ಎತ್ತಲಿಲ್ಲ. ಬೀಗದಕೈ ಕುಣಿಸುತ್ತ, ಮೆಟ್ಟಿಲ ಮೇಲೆ, ಬುಟ್ಟಿಯ ಹತ್ತಿರ, ನಡುರಸ್ತೆಯ ಕಡೆ ನೋಡುವವರಂತೆ ನಿಂತರು. ಒಮ್ಮೆ ಕೆಮ್ಮಿದರು.

ಕುಲ್ಸುಮ್ ಸೆರಗು ಬಾಯಿಗಿಟ್ಟುಕೊಂಡು ಶೇವಂತಾಳ ಕಿವಿಯ ಹತ್ತಿರ ಬಗ್ಗಿದಳು.

“ಲಗೂನ ಹುಶ್ ಅನ್ನಕ್ಕಾ. ಆವಾಗಿಂದ ನಿಂತಾರ.”